ಖಾಲಿ ಜಾಗಕ್ಕೆ ಮೊದಲು ಕನ್ನಡ ಇಡು

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಫೋಟೊ ನೋಡಿದೆ. ಗೋಡೆ ತುಂಬ ಹಳದಿ ಚೀಟಿ, ಚೀಟಿ ತುಂಬ ಜಿಆರ್‌ಇ ಪದಗಳು, ಅದೇ ವಿದೇಶದಲ್ಲಿ ಮುಂದೆ ಓದೋಕೆ ಬರೆಯುವ ಪರೀಕ್ಷೆಯವು. ಗೋಡೆಯ ಬಣ್ಣ ಕಿತ್ತುಬರುತ್ತೆ ಅಂತ ಅಮ್ಮ ಬೈದದ್ದು ಸರಿಯೇ ಬಿಡು. ನಾನೂ ಹಾಗೇ ಮೂರು ತಿಂಗಳು ಪಟ್ಟಿ ಉರುಹೊಡೆದವನು. ಮೊದಲ ಮಾಕ್ ಟೆಸ್ಟ್‌ಗೆ ಕೂತರೆ, ಗೊತ್ತಿಲ್ಲದ ಪದಗಳಿಗಿಂತ ಗೊತ್ತಿದ್ದ ಪದಗಳೇ ಕೈಕೊಟ್ಟವು.

ಒಂದು ಪ್ರಶ್ನೆ ಇನ್ನೂ ನೆನಪಿದೆ. ಅದರ ಸಾರ ಇಷ್ಟು: ವಿಮರ್ಶಕರು ಕಾದಂಬರಿಯನ್ನು ಹೊಗಳಿದ್ದೇನೋ ನಿಜ, ಆದರೆ ಆ ಹೊಗಳಿಕೆ ಡ್ಯಾಶ್; ಒಂದೊಂದು ಮೆಚ್ಚುಗೆಯ ಬಾಲಕ್ಕೂ ಒಂದು ತಕರಾರು ಅಂಟಿಕೊಂಡಿತ್ತು. ಆಯ್ಕೆಗಳಲ್ಲಿ 'ಕ್ವಾಲಿಫೈಡ್' ಇತ್ತು. ನಮ್ಮೂರಲ್ಲಿ ಕ್ವಾಲಿಫೈಡ್ ಅಂದರೆ ಡಿಗ್ರಿ ಇರುವ ಡಾಕ್ಟರು. ಹೊಗಳಿಕೆಗೆಂಥ ಡಿಗ್ರಿ ಅಂತ ಅದನ್ನೇ ಮೊದಲು ಹೊಡೆದುಹಾಕಿದೆ. ಸರಿಯುತ್ತರ ಅದೇ ಆಗಿತ್ತು ಮಾರಾಯ! ಅಲ್ಲಿ ಅದಕ್ಕೆ 'ಷರತ್ತು ಹಾಕಿದ, ಪೂರ್ತಿಯಲ್ಲದ' ಅನ್ನುವ ಅರ್ಥ. ಬ್ಯಾಂಕಿನವರು ಲೋನ್ ಸ್ಯಾಂಕ್ಷನ್ ಮಾಡಿದರೆ ಖುಷಿ; ಒಂದು ದೇಶದ ಮೇಲೆ ಸ್ಯಾಂಕ್ಷನ್ ಹೇರಿದರೆ ಶಿಕ್ಷೆ. 'ಟೆಂಪರ್' ಕ್ರಿಯಾಪದವಾಗಿ ಬಂದರೆ ಸಿಟ್ಟಲ್ಲ, ತೀವ್ರತೆ ತಗ್ಗಿಸೋದು. 'ಎನರ್ವೇಟ್' ನೋಡಿ ಎನರ್ಜಿ ಅಂದುಕೊಂಡೆಯೋ, ಕೆಟ್ಟೆ; ಅದು ನಿತ್ರಾಣ ಮಾಡೋದು.

ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಆಯ್ಕೆಗಳನ್ನು ಅಂಗೈಯಿಂದ ಮುಚ್ಚಿ, ಬರೀ ವಾಕ್ಯ ಓದಿ, ಖಾಲಿ ಜಾಗಕ್ಕೆ ಕನ್ನಡದ್ದೇ ಒಂದು ಪದ ಇಡೋದು. ಮೇಲಿನದಕ್ಕೆ ಈಗಾದರೆ 'ಅರೆಮನಸ್ಸಿನದು' ಅಂತ ಇಡುತ್ತೇನೆ. ಒರಟಾಗಿದ್ದರೂ ನಡೆಯುತ್ತೆ. ಅದು ಹೊಳೆದದ್ದು ಆ 'ಆದರೆ'ಯಿಂದ, ಅರ್ಧವಿರಾಮದ ಆಚೆಗಿನ ತಕರಾರಿನಿಂದ. 'ಆಲ್ದೋ', 'ಡೆಸ್ಪೈಟ್' ಕಂಡರೆ ಮಾತು ಮಗ್ಗುಲು ಬದಲಿಸುತ್ತೆ ಅಂತ ತಿಳಿ. ಪದ ಸಿಕ್ಕಮೇಲೆ ಕೈ ತೆಗೆದು, ಅದಕ್ಕೆ ಹತ್ತಿರದ ಆಯ್ಕೆ ಹುಡುಕು.

ಎರಡು ಮೂರು ಖಾಲಿ ಜಾಗ ಇದ್ದರೆ ಸುಳಿವು ಜಾಸ್ತಿ ಇರುವ ಕಡೆಯಿಂದ ಶುರುಮಾಡು, ಮೊದಲನೆಯದೇ ಆಗಬೇಕಿಲ್ಲ. ಮೂರರಲ್ಲಿ ಎರಡು ಸರಿಯಾದರೂ ಸಿಗೋದು ಸೊನ್ನೆ. ಆರು ಪದಗಳಲ್ಲಿ, ವಾಕ್ಯಕ್ಕೆ ಒಂದೇ ಅರ್ಥ ಕೊಡುವ ಎರಡನ್ನು ಆರಿಸುವ ಪ್ರಶ್ನೆಯಲ್ಲಿ ಬೇರೆಯೇ ಕಿತಾಪತಿ: ವಾಕ್ಯಕ್ಕೆ ಒಗ್ಗದ ಒಂದು ಸಮಾನಾರ್ಥಕ ಜೋಡಿಯನ್ನೂ ಇಟ್ಟು ಕಾಯುತ್ತಿರುತ್ತಾರೆ. ಜೋಡಿ ಕಂಡಿತು ಅಂತ ಕ್ಲಿಕ್ ಮಾಡಿ ನಾನು ಎಷ್ಟು ಸಲ ಬಿದ್ದಿದ್ದೇನೋ.

2023ರ ಸೆಪ್ಟೆಂಬರಿನಿಂದ ಪರೀಕ್ಷೆ ಚಿಕ್ಕದಾಗಿದೆ. ವರ್ಬಲ್‌ನಲ್ಲಿ, ಅಂದರೆ ಇಂಗ್ಲಿಷ್ ಭಾಷೆಯ ಭಾಗದಲ್ಲಿ, 27 ಪ್ರಶ್ನೆ, 41 ನಿಮಿಷ, ಅದರಲ್ಲೇ ಪ್ಯಾಸೇಜುಗಳನ್ನೂ ಓದಬೇಕು. ಪದದ ಪ್ರಶ್ನೆ ನಿಮಿಷ ದಾಟಿತೋ, ಗುರುತು ಹಾಕಿ ಮುಂದೆ ಹೋಗು. ಅದೇ ಸೆಕ್ಷನ್ನಿನೊಳಗೆ ವಾಪಸ್ ಬರಬಹುದು. ನೀಟ್ ಥರ ತಪ್ಪಿಗೆ ಅಂಕ ಕಳೆಯಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡ.

ಚೀಟಿಗಳನ್ನು ಎಸೆಯಬೇಡ. ಒಂದೊಂದರ ಹಿಂದೆ ಆ ಪದ ಬಳಸಿ ಒಂದು ವಾಕ್ಯ ಬರಿ, ಪಕ್ಕದಲ್ಲೇ ಕನ್ನಡ ಅರ್ಥವೂ ಇರಲಿ. ಭಾನುವಾರ ರಾತ್ರಿ ಫೋನ್ ಮಾಡ್ತೀನಿ, ತಪ್ಪಾದ ಹತ್ತು ಪ್ರಶ್ನೆ ಎತ್ತಿಟ್ಟುಕೊಂಡಿರು. ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ ಗೆಳೆಯ