ಏಳು ಮೆಟ್ಟಿಲು ಹತ್ತಿದ ಭಾನುವಾರ

ಮೊನ್ನೆ ಭಾನುವಾರ ನಮ್ಮ ಯಜಮಾನರು ಚರ್ಚಿನ ಏಳು ಮೆಟ್ಟಿಲು ತಾವೇ ಹತ್ತಿದರು. ಎಡಗೈಯಲ್ಲಿ ಕೋಲು, ಪಕ್ಕದಲ್ಲಿ ನಾನು. ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತಗೊಂಡರು. ಅವರು ಆ ಬಾಗಿಲು ದಾಟಿ 14 ತಿಂಗಳಾಗಿತ್ತು. ಒಳಗೆ ಸಂಗೀತ ಶುರುವಾಗಿತ್ತು. ನನಗೆ ಹಾಡಲು ಆಗಲಿಲ್ಲ, ಗಂಟಲು ಕಟ್ಟಿತ್ತು. ಸಭೆಯ ಮುಂದೆ ನಿಂತು ಎಲ್ಲರಿಗೂ ಥ್ಯಾಂಕ್ಸ್ ಹೇಳಬೇಕು ಅಂತ ಅಂದುಕೊಂಡಿದ್ದೆ. ಮಾತು ಹೊರಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕಳೆದ ವರ್ಷ ಜುಲೈ ಕೊನೆಯ ಭಾನುವಾರ ಅವರಿಗೆ ಲಕ್ವಾ ಹೊಡೆಯಿತು. ನಾನು ಸಂಡೇ ಸ್ಕೂಲಿನಲ್ಲಿದ್ದೆ. ಗೇಟಿನ ಹತ್ತಿರ ಬಿದ್ದಿದ್ದ ಅವರನ್ನು ಮೊದಲು ಕಂಡವನು ಎದುರುಮನೆಯ ಆಟೋ ತಮ್ಮ. ಬಾಯಿ ಒಂದು ಕಡೆ ಎಳೆದದ್ದು ನೋಡಿದ್ದೇ ಅವನಿಗೆ ಗೊತ್ತಾಯಿತಂತೆ. ನನಗೆ ಫೋನ್ ಮಾಡಿದವನು ಅಷ್ಟರಲ್ಲೇ ಧಾರವಾಡ ದಾಟಿ ಹುಬ್ಬಳ್ಳಿ ದಾರಿ ಹಿಡಿದಿದ್ದ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಇದೆಯಲ್ಲ, ಅದನ್ನು ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಅಷ್ಟರೊಳಗೆ ನಾವು ತಲುಪಿದ್ದೆವು. ನನ್ನ ದಾರಿ ಕಾಯುತ್ತಾ ಅವನು ಅಲ್ಲೇ ನಿಂತಿದ್ದರೆ ಏನಾಗುತ್ತಿತ್ತು ಅಂತ ಈಗಲೂ ರಾತ್ರಿ ಎಚ್ಚರವಾದಾಗ ಯೋಚನೆ ಬರುತ್ತದೆ.

ಆಮೇಲೆ ಫಿಸಿಯೋಥೆರಪಿಗೆ ವಾರಕ್ಕೆ ಮೂರು ದಿನ ಕರೆದುಕೊಂಡು ಹೋದವನೂ ಅವನೇ. ಬಾಡಿಗೆ ಕೊಡಲು ಹೋದರೆ, “ಅಕ್ಕಾರ, ಮೊದಲ ಅಣ್ಣಾರು ಎದ್ದು ಕುಂಡ್ರಲಿ. ರೊಕ್ಕದ ಮಾತು ಆಮ್ಯಾಲೆ” ಅನ್ನುತ್ತಿದ್ದ. ರಂಜಾನ್ ತಿಂಗಳಲ್ಲಿ, ಹನಿ ನೀರೂ ಕುಡಿಯದೆ, ಇವರನ್ನು ಎತ್ತಿಕೊಂಡು ಎರಡನೇ ಮಹಡಿಗೆ ಹತ್ತಿದ್ದಾನೆ. ಬೆವರು ಅವನ ಕಿವಿಯ ಹಿಂದಿನಿಂದ ಇಳಿದು ಇವರ ಅಂಗಿ ಒದ್ದೆಯಾಗುತ್ತಿತ್ತು.

22 ವರ್ಷದಿಂದ ಮಕ್ಕಳಿಗೆ ಒಳ್ಳೇ ಸಮಾರ್ಯದವನ ಕಥೆ ಹೇಳುತ್ತಾ ಬಂದಿದ್ದೇನೆ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿ, ಕಳ್ಳರು ಹೊಡೆದು ಬಿಟ್ಟುಹೋದ ಪ್ರಯಾಣಿಕ, ನೋಡಿಯೂ ದಾಟಿಹೋದ ಯಾಜಕ ಮತ್ತು ಲೇವಿಯ, ನಿಂತು ಎತ್ತಿದ ಸಮಾರ್ಯದವನು, ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ, ಛತ್ರದವನ ಕೈಗೆ ಕೊಟ್ಟ ಎರಡು ನಾಣ್ಯ, ಅಂದರೆ ಎರಡು ದಿನದ ಕೂಲಿ. ಎಲ್ಲ ಬಾಯಿಪಾಠ. ಪ್ರತಿ ಸಲ ಮಕ್ಕಳಿಗೆ ನಾನು ಹೇಳುತ್ತಿದ್ದದ್ದು “ನೀವು ಆ ಸಮಾರ್ಯದವನ ಹಾಗೆ ಆಗಬೇಕು” ಅಂತ. ದಾರಿಯಲ್ಲಿ ಬಿದ್ದವನ ಜಾಗದಲ್ಲಿ ನನ್ನನ್ನು ನಾನು ಒಂದು ಸಲವೂ ಇಟ್ಟು ನೋಡಿರಲಿಲ್ಲ. ಯೆಹೂದ್ಯರಿಗೂ ಸಮಾರ್ಯದವರಿಗೂ ಹೊಕ್ಕುಬಳಕೆ ಇರಲಿಲ್ಲ. ಬಿದ್ದವನು ಕಣ್ಣು ಬಿಟ್ಟಾಗ ತನ್ನನ್ನು ಎತ್ತಿದ ಕೈ ಯಾರದು ಅಂತ ಗೊತ್ತಾಗಿ ಅವನಿಗೆ ಹೇಗನಿಸಿರಬಹುದು?

“ನನ್ನ ನೆರೆಯವನು ಯಾರು?” ಅಂತ ಆ ಧರ್ಮೋಪದೇಶಕ ಕೇಳಿದ. ಯೇಸು ಉತ್ತರ ಕೊಡದೆ ಪ್ರಶ್ನೆಯನ್ನೇ ತಿರುಗಿಸಿದ: ಬಿದ್ದವನಿಗೆ ನೆರೆಯವನಾದವನು ಈ ಮೂವರಲ್ಲಿ ಯಾರು? ಆ ಉಪದೇಶಕನ ಬಾಯಲ್ಲಿ ‘ಸಮಾರ್ಯದವನು’ ಅನ್ನುವ ಮಾತು ಬರಲೇ ಇಲ್ಲ, ಲೂಕನ 10ನೇ ಅಧ್ಯಾಯ ತೆಗೆದು ನೋಡಿ. “ದಯೆ ತೋರಿಸಿದವನು” ಅಂದ, ಅಷ್ಟೇ. ನಮ್ಮ ಆಟೋ ತಮ್ಮನನ್ನು ನಾನು ಕ್ರೈಸ್ತ ಅಂತ ಕರೆಯುವುದಿಲ್ಲ. ಅವನಿಗೆ ಅವನ ದೀನ್ ಇದೆ, ಅದರ ಮೇಲೆ ನನಗೆ ಗೌರವ ಇದೆ. ಆದರೆ ನನ್ನ ಕರ್ತನು ನನಗೆ ಮಾದರಿಯಾಗಿ ಯಾರನ್ನು ತೋರಿಸುತ್ತಾನೆ ಅನ್ನುವುದು ನನ್ನ ಕೈಯಲ್ಲಿಲ್ಲ ಅಲ್ವಾ? ತಮ್ಮಾ, ನಿನಗೆ ನಮಸ್ಕಾರ.

ಮನೆಗೆ ಪ್ರಾರ್ಥನೆಗೆ ಅಂತ ಬಂದ ಒಬ್ಬರು, “ಮನೆಯಲ್ಲಿ ಏನೋ ಪಾಪ ಇರಬೇಕು, ವಿಶ್ವಾಸ ಕಡಿಮೆಯಾಗಿರಬೇಕು” ಅಂದು ಹೋದರು. ಹಾಸಿಗೆಯಲ್ಲಿದ್ದವರಿಗೆ ಮಾತು ಬರುತ್ತಿರಲಿಲ್ಲ. ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಅವತ್ತು ರಾತ್ರಿ ಅವರ ಕಣ್ಣಿಂದ ನೀರು ಇಳಿಯಿತು. ಹುಟ್ಟುಕುರುಡನನ್ನು ನೋಡಿ ಶಿಷ್ಯರೂ ಇದನ್ನೇ ಕೇಳಿದ್ದರು, ಯಾರು ಮಾಡಿದ ಪಾಪ ಅಂತ. ಇವನದೂ ಅಲ್ಲ, ಇವನ ತಂದೆತಾಯಿಯದೂ ಅಲ್ಲ ಅಂತ ಯೇಸು ಹೇಳಿದ್ದನ್ನು ನಮ್ಮ ಸಭಾಪಾಲಕರು ಮರುದಿನ ಬಂದು, ಇವರ ಕೈ ಹಿಡಿದುಕೊಂಡು ಓದಿದರು. ಬೇರೇನೂ ಹೇಳಲಿಲ್ಲ. ಅಯ್ಯನವರೇ, ಆ ಹತ್ತು ನಿಮಿಷ ನಾವು ಮರೆಯುವುದಿಲ್ಲ.

ಸ್ತ್ರೀ ಸಂಘದ ಅಕ್ಕಂದಿರು ಎರಡು ತಿಂಗಳು ಸರದಿಯ ಮೇಲೆ ರೊಟ್ಟಿ ಪಲ್ಯ ಕಳಿಸಿದಿರಿ. ಯುವಕರು ಏರ್ ಬೆಡ್ ಹೊಂದಿಸಿ ತಂದುಕೊಟ್ಟಿರಿ. ನೀವು ಮಾಡಿದ್ದನ್ನು ನಾನು ಡೈರಿಯಲ್ಲಿ ಬರೆದಿಟ್ಟಿದ್ದೇನೆ.

ಇನ್ನು ನನ್ನ ನಾದಿನಿಯ ವಿಷಯ. ಇದನ್ನು ಬರೆಯದಿದ್ದರೆ ಈ ಬರಹವೇ ಸುಳ್ಳಾಗುತ್ತದೆ.

ಬೆಟಗೇರಿಯ ಮಾವನವರ ಮನೆಯ ಪಾಲಿನ ವಿಷಯದಲ್ಲಿ ನಮಗೂ ಅವಳಿಗೂ ಆರು ವರ್ಷ ಮಾತಿರಲಿಲ್ಲ. ಮಗಳ ನಿಶ್ಚಯಕ್ಕೆ ನಾನು ಅವಳನ್ನು ಕರೆದಿರಲಿಲ್ಲ. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದರು. ನಾಲ್ಕು ತಲೆಮಾರಿನಿಂದ ನಮ್ಮದು ಅದೇ ಮಿಷನ್ನಿನ ಮನೆತನ ಅಂತ ನಾನು ಬಹಳ ಹೆಮ್ಮೆಪಡುತ್ತಿದ್ದೆ. ಈ ಆರು ವರ್ಷವೂ ತಪ್ಪದೆ ಕರ್ತನ ಭೋಜನ, ಅಂದರೆ ಚರ್ಚಿನಲ್ಲಿ ಕೊಡುವ ರೊಟ್ಟಿ ದ್ರಾಕ್ಷಾರಸ, ತೆಗೆದುಕೊಂಡಿದ್ದೇನೆ.

ಸುದ್ದಿ ಕೇಳಿ ಮೂರನೇ ದಿನಕ್ಕೆ ಅವಳು ಒಂದು ಬ್ಯಾಗ್ ಹಿಡಿದು ಬಂದಳು. “ವೈನೀ, ನೀವು ಸ್ವಲ್ಪ ಮಕ್ಕೋರಿ, ನಾ ಕೂಡತೀನಿ” ಅಂದಳು. ನಾಲ್ಕು ತಿಂಗಳು ಇದ್ದಳು. ಎರಡೆರಡು ಗಂಟೆಗೆ ಅಣ್ಣನ ಮಗ್ಗುಲು ಬದಲಿಸುತ್ತಿದ್ದಳು, ಬೆನ್ನು ಹುಣ್ಣಾಗಬಾರದು ಅಂತ. ಲಕ್ವಾ ಆಗಿ ನುಂಗಲು ಕಷ್ಟವಾದವರಿಗೆ ತೆಳ್ಳಗಿದ್ದದ್ದು ಶ್ವಾಸನಾಳಕ್ಕೆ ಹೋಗಿಬಿಡಬಹುದು, ಅದಕ್ಕೆ ಗಂಜಿ ಗಟ್ಟಿಯಾಗಿರಬೇಕು. ಅವಳು ಚಮಚ ಓರೆ ಮಾಡಿ ನೋಡುತ್ತಿದ್ದಳು, ಗಂಜಿ ಹರಿದು ಬಿದ್ದರೆ ವಾಪಸ್ ಒಲೆಗೆ. ಒಂದು ಚಮಚ ಕೊಟ್ಟು, ಅವರ ಗಂಟಲಿನ ಗಂಟು ಏರಿ ಇಳಿಯುವುದನ್ನು ನೋಡಿ, ಆಮೇಲೆ ಇನ್ನೊಂದು. ಒಂದು ಬಟ್ಟಲಿಗೆ ಮುಕ್ಕಾಲು ಗಂಟೆ. ಮನೆಯ ಪಾಲಿನ ಮಾತು ಒಂದು ದಿನವೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ನನಗೆ ಧೈರ್ಯ ಸಾಲಲಿಲ್ಲ.

ಅಕ್ಟೋಬರಿನ ಒಂದು ಸಂಜೆ ನಾವಿಬ್ಬರೂ ಹಾಸಿಗೆಯ ಪಕ್ಕ ಕೂತು ಕರ್ತನ ಪ್ರಾರ್ಥನೆ ಹೇಳುತ್ತಿದ್ದೆವು. ಅಷ್ಟು ದಿನ ಇವರ ಬಾಯಿಂದ ‘ಹೂಂ’ ಬಿಟ್ಟು ಏನೂ ಬಂದಿರಲಿಲ್ಲ. ‘ನಮ್ಮ ಅನುದಿನದ ಆಹಾರ’ ಅನ್ನುವ ಹೊತ್ತಿಗೆ ಇವರ ತುಟಿ ಅಲ್ಲಾಡಿತು. ಆಮೇಲೆ ದನಿ ಬಂತು. ನಾವು ನಿಲ್ಲಿಸಿದೆವು. ಇವರು ನಿಲ್ಲಿಸಲಿಲ್ಲ. ತೊದಲುತ್ತಾ, ಒಬ್ಬರೇ, “ನಮಗೆ ತಪ್ಪುಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನು ಕ್ಷಮಿಸು” ಅಂದರು. ಚಿಕ್ಕಂದಿನಿಂದ ಬಾಯಿಗೆ ಬಂದ ಪ್ರಾರ್ಥನೆ, ಹಾಡು ಮಾತು ಹೋದ ಮೇಲೂ ಉಳಿದಿರುತ್ತವೆ ಅಂತ ಡಾಕ್ಟರ್ ಆಮೇಲೆ ಹೇಳಿದರು. ಇರಬಹುದು. ನಾನು ಮಾತ್ರ ನಾದಿನಿಯ ಮುಖ ನೋಡಲಾಗದೆ ಕೂತಿದ್ದೆ. ಆ ಇಡೀ ಪ್ರಾರ್ಥನೆಯಲ್ಲಿ ಯೇಸು ಮತ್ತೆ ತೆಗೆದು ಬಿಡಿಸಿ ಹೇಳಿದ್ದು ಈ ಒಂದೇ ಸಾಲನ್ನು, ಮತ್ತಾಯ 6ರಲ್ಲಿ. ಮಕ್ಕಳಿಗೆ ಇದನ್ನೂ ಕಲಿಸಿದ್ದೆ. ಅವತ್ತು ರಾತ್ರಿ ಅಡುಗೆಮನೆಯಲ್ಲಿ ಅವಳ ಎರಡೂ ಕೈ ಹಿಡಿದು ಕ್ಷಮೆ ಕೇಳಿದೆ. “ಗಂಜಿ ತಳ ಹತ್ತತೈತಿ, ಬಿಡ್ರಿ ವೈನಿ” ಅಂದಳು. ಅಳುತ್ತಲೇ ಅಂದಳು.

ಶಿಷ್ಯರಿಗೆ ‘ಕ್ರೈಸ್ತರು’ ಅನ್ನುವ ಹೆಸರು ಮೊದಲು ಬಂದದ್ದು ಅಂತಿಯೋಕ್ಯದಲ್ಲಿ. ಅದನ್ನು ಇಟ್ಟವರು ಊರ ಜನ ಅಂತ ತಿಳಿದವರು ಹೇಳುತ್ತಾರೆ. ಆ ಶಿಷ್ಯರ ನಡೆ ನೋಡಿ ಇಟ್ಟಿರಬೇಕು ಅಂತ ನನಗನಿಸುತ್ತದೆ. ನಾನು ಆ ಹೆಸರನ್ನು ಹುಟ್ಟಿನಿಂದ ಇಟ್ಟುಕೊಂಡು ಓಡಾಡಿದ್ದೇನೆ. ನನ್ನ ನಾದಿನಿಯನ್ನು ನೋಡಿದವರು ಆ ಹೆಸರನ್ನು ಅವಳಿಗೆ ಕೊಟ್ಟೇ ಕೊಡುತ್ತಾರೆ. ತಂಗೀ, ನಿನ್ನ ಋಣ ತೀರುವುದಿಲ್ಲ.

ಮೊನ್ನೆ ಕರ್ತನ ಭೋಜನಕ್ಕೆ ಅವಳು ಇವರ ಎಡಕ್ಕೆ ನಿಂತಿದ್ದಳು. ಇವರ ಬಲಗೈ ಇನ್ನೂ ಬಿಗಿಯಾಗಿದೆ, ರೊಟ್ಟಿಯ ತುಂಡನ್ನು ಎಡಗೈಯಲ್ಲೇ ತಗೊಂಡರು. ‘ಆಮೆನ್’ ಮಾತ್ರ ಹಿಂದಿನ ಬೆಂಚಿಗೂ ಕೇಳಿಸಿತು.

ಬರುವ ಬುಧವಾರ ಸಂಜೆ 6 ಗಂಟೆಗೆ ಮನೆಯಲ್ಲಿ ಕೃತಜ್ಞತಾ ಪ್ರಾರ್ಥನೆ ಇಟ್ಟಿದ್ದೇವೆ. ಆಮೇಲೆ ಊಟ. ನಾದಿನಿ ಬೆಟಗೇರಿಯಿಂದ ಬಂದು ಹೋಳಿಗೆ ಮಾಡುತ್ತಾಳೆ. ಆಟೋ ತಮ್ಮ ಮನೆಯವರನ್ನೆಲ್ಲ ಕರೆದುಕೊಂಡು ಬರುತ್ತೇನೆ ಅಂದಿದ್ದಾನೆ. ನೀವೂ ಎಲ್ಲರೂ ಬನ್ನಿ.