ಕಾಗೆ ಬಂಗಾರ ಪೈರೈಟ್ ಅಲ್ಲ ಸ್ವಾಮೀ

ಸಂಪಾದಕರೇ,

ಪೈಪ್ ಗುಂಡಿಯಲ್ಲಿ ಕಾಗೆ ಬಂಗಾರ ಸಿಕ್ಕಿದ ಸುದ್ದಿಯನ್ನು ನಿನ್ನೆ ಚಿತ್ರ ಸಮೇತ ಹಾಕಿದ್ದೀರಿ. ಆ ಗುಂಡಿ ಇರುವುದು ನಮ್ಮ ಗೇಟಿನ ಮುಂದೆ. ಚಿತ್ರದ ಮೂಲೆಯಲ್ಲಿ ಅರ್ಧ ಕಾಣುವ ಸ್ಕೂಟರ್ ನನ್ನದೇ. ಹತ್ತು ದಿನದಿಂದ ಅದು ಒಳಗೆ ಬಂದಿಲ್ಲ. ಸುದ್ದಿ ಬಂದಮೇಲಂತೂ ನಾನೂ ಹೊರಗೆ ಹೋಗುವ ಹಾಗಿಲ್ಲ. ಬೆಳಿಗ್ಗೆ ಆರಕ್ಕೇ ಮೂವರು ಸುತ್ತಿಗೆ ಹಿಡಿದು ನಿಂತಿದ್ದರು. ನಾನು ಹಿಂದೆ ಭೂವಿಜ್ಞಾನ ಪಾಠ ಹೇಳಿದವನು ಅಂತ ಯಾರೋ ಬಾಯಿಬಿಟ್ಟಿದ್ದಾರೆ. ಈಗ ಕೇರಿಯ ಕಲ್ಲೆಲ್ಲ ನಮ್ಮ ಜಗಲಿ ಮೇಲಿದೆ.

ಇರಲಿ. ನನಗೆ ಸಿಟ್ಟು ಬಂದಿದ್ದು ಅಧಿಕಾರಿಗಳು ಹೇಳಿದ ಒಂದು ಸಾಲಿಗೆ. "ಇದು ಕಾಗೆ ಬಂಗಾರ, ಅಂದರೆ ಪೈರೈಟ್, ಯಾರೂ ಚಿಂತೆ ಮಾಡಬೇಕಿಲ್ಲ" ಅಂದಿದ್ದಾರೆ. ಇಷ್ಟು ಚಿಕ್ಕ ಸಾಲಿನಲ್ಲಿ ಎರಡು ತಪ್ಪು ಮಾಡೋದಕ್ಕೂ ಒಂದು ಸಾಮರ್ಥ್ಯ ಬೇಕು. ನೀವೂ ಅದನ್ನು ಹಾಗೇ ಅಚ್ಚು ಹಾಕಿದಿರಿ.

ಕನ್ನಡದಲ್ಲಿ ಕಾಗೆ ಬಂಗಾರ ಅಂದರೆ ಅಭ್ರಕ. ಇಸ್ತ್ರಿ ಪೆಟ್ಟಿಗೆಯೊಳಗೆ ಕರೆಂಟು ತಾಗದಂತೆ ಹಾಕುತ್ತಿದ್ದರಲ್ಲ, ಅದೇ ಹಾಳೆ. ಇಂಗ್ಲಿಷಿನವರು ಪೈರೈಟಿಗೆ 'ಮೂರ್ಖರ ಚಿನ್ನ' ಅನ್ನುತ್ತಾರೆ. ನಮ್ಮವರು ನೋಡಿದರು, ಅದೂ ಹುಸಿ ಬಂಗಾರ, ಇದೂ ಹುಸಿ ಬಂಗಾರ, ಎರಡೂ ಒಂದೇ ಇರಬೇಕು ಅಂತ ಅಂಟಿಸಿಬಿಟ್ಟರು. ಪೈರೈಟ್ ಕಬ್ಬಿಣ ಮತ್ತು ಗಂಧಕ ಕೂಡಿದ್ದು. ಎಷ್ಟೋ ಸಲ ದಾಳದ ಹಾಗೆ ಚೌಕವಾಗಿಯೇ ಸಿಗುತ್ತದೆ. ಉಕ್ಕಿನಿಂದ ಹೊಡೆದರೆ ಕಿಡಿ ಹಾರುತ್ತದೆ. ಗ್ರೀಕಿನಲ್ಲಿ ಬೆಂಕಿಗೆ 'ಪೀರ್' ಅನ್ನುತ್ತಾರೆ, ಹೆಸರು ಬಂದದ್ದೇ ಅದರಿಂದ.

ಗುಂಡಿಯ ಚೂರನ್ನು ನಾನೇ ನೋಡಿದೆ. ಅಂಚಿಗೆ ಉಗುರು ಕೊಟ್ಟರೆ ಈರುಳ್ಳಿ ಸಿಪ್ಪೆಯಂಥ ಪದರ ಎದ್ದು ಬಂತು. ಬಗ್ಗಿಸಿದೆ, ಬಗ್ಗಿತು. ಬಿಟ್ಟೆ, ನೆಟ್ಟಗಾಯಿತು. ಪೈರೈಟಿಗೆ ಉಗುರಲ್ಲ, ಚಾಕು ತಂದರೂ ಗೀರು ಬೀಳೋದು ಕಷ್ಟ. ಟೈಲ್ಸಿನ ಹಿಂಬದಿಯ ಒರಟು ಮೈಗೆ ತಿಕ್ಕಿದರೆ ಅದು ಹಸಿರು ಮಿಶ್ರಿತ ಕಪ್ಪು ಗೆರೆ ಬಿಡಬೇಕು. ನಿಜವಾದ ಚಿನ್ನ ಹಳದಿ ಗೆರೆಯನ್ನೇ ಬಿಡುತ್ತದೆ. ಇದು ಎರಡನ್ನೂ ಬಿಡಲಿಲ್ಲ. ಮಣ್ಣಲ್ಲಿ ಬಿದ್ದು ಹಳತಾದ ಕರಿ ಅಭ್ರಕ ಹೊಂಬಣ್ಣಕ್ಕೆ ತಿರುಗುತ್ತದೆ, ಅಷ್ಟೇ ಕತೆ.

ಇನ್ನು "ಚಿಂತೆ ಮಾಡಬೇಕಿಲ್ಲ" ಅನ್ನುವ ಮಾತು. ನಿಜಕ್ಕೂ ಪೈರೈಟ್ ಆಗಿದ್ದಿದ್ದರೆ ಚಿಂತೆ ಮಾಡಬೇಕಿತ್ತು ಸ್ವಾಮೀ! ಪೈರೈಟ್ ಜಾಸ್ತಿ ಇರುವ ಜಲ್ಲಿಯನ್ನು ನೆಲದಡಿ ತುಂಬಿದರೆ, ಗಾಳಿ ಮತ್ತು ತೇವ ತಗುಲಿ ಗಂಧಕಾಮ್ಲ ಹುಟ್ಟುತ್ತದೆ. ಅದು ಸುಣ್ಣದ ಅಂಶದ ಜೊತೆ ಸೇರಿದರೆ ಜಿಪ್ಸಮ್. ಜಿಪ್ಸಮ್ ಊದಿಕೊಂಡು ನೆಲವನ್ನೇ ಮೇಲೆತ್ತುತ್ತದೆ, ಗೋಡೆ ಬಿರುಕು ಬಿಡುತ್ತದೆ. ಐರ್ಲೆಂಡಿನಲ್ಲಿ ಹೀಗೆ ಹಾಳಾದ ಮನೆಗಳ ರಿಪೇರಿಗೆ 2013ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಇಲ್ಲಿ ಅದೇ ಹೆಸರು ಹೇಳಿ ಸಮಾಧಾನ ಮಾಡುತ್ತಿದ್ದಾರೆ. ಆ ಗುಂಡಿಯ ಜಲ್ಲಿಯನ್ನೇ ಪಕ್ಕದ ಮನೆಯ ತಳಪಾಯಕ್ಕೂ ತುಂಬಿದ್ದಾರೆ. ಇಂಟರ್ನೆಟ್ಟಿನಲ್ಲಿ ಪೈರೈಟ್ ಅಂತ ಹುಡುಕಿದ ಆ ಮನೆಯವರು ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ಹನ್ನೊಂದು ಗಂಟೆಗೆ ಬಂದು ನನ್ನನ್ನೂ ಎಬ್ಬಿಸಿದರು.

ಆ ಅಧಿಕಾರಿಗಳ ಕಚೇರಿಗೆ ಇದು ಹೊಸದೇನಲ್ಲ. ಹಿಂದೊಮ್ಮೆ ಸೀಸದ ಕಡ್ಡಿಯಿಂದ ಮಕ್ಕಳಿಗೆ ಸೀಸದ ವಿಷ ಏರುತ್ತದೆ ಅಂತ ಸೂಚನೆ ಅಂಟಿಸಿದ್ದರು. ಪೆನ್ಸಿಲಿನ ಕಡ್ಡಿ ಗ್ರಾಫೈಟ್ ಮತ್ತು ಜೇಡಿಮಣ್ಣಿನದು, ಸೀಸ ಅನ್ನೋದು ಬರೀ ಹೆಸರಿಗೆ. ಹೇಳೋಣ ಅಂತ ಹೋದರೆ ಅರ್ಜಿ ಎರಡು ಪ್ರತಿ ತನ್ನಿ ಅಂದರು. ತಂದೆ. ಸಾಹೇಬರು ಮೀಟಿಂಗಿನಲ್ಲಿದ್ದರು. ಈಗಲೂ ಅಲ್ಲೇ ಇದ್ದಾರೋ ಏನೋ. ಬೀದಿ ದೀಪದ ವಿಷಯ ಬೇರೆ, ಅದನ್ನು ಬರೆಯಲು ಕೂತರೆ ನಿಮ್ಮ ಪುಟ ಸಾಲದು.

ತಿದ್ದುಪಡಿ ಹಾಕಿ. ಮೂಲೆಯಲ್ಲಿ ಇರುವೆ ಅಕ್ಷರದಲ್ಲಲ್ಲ, ಸುದ್ದಿ ಬಂದ ಜಾಗದಲ್ಲೇ. ಗುಂಡಿಯನ್ನೂ ಮುಚ್ಚಿಸಿ. ಅದು ಪತ್ರಿಕೆಯ ಕೆಲಸ ಅಲ್ಲ ಅಂತ ಗೊತ್ತು, ಆದರೆ ಹೇಳಿದರೆ ಕೇಳುವವರು ಇನ್ಯಾರಿದ್ದಾರೆ? ಎರಡೂ ಆಗದಿದ್ದರೆ ಆ ಅಧಿಕಾರಿಗೆ ಒಂದು ನಿಘಂಟು ಕೊಡಿಸಿ, ಇಲ್ಲವೇ ಒಂದು ಗುದ್ದಲಿ. ಯಾವುದು ಮೊದಲು ಕೈಗೆ ಸಿಕ್ಕರೂ ಆದೀತು.

– ಗುಂಡಿಯ ಎದುರು ಮನೆಯವನು