ನಾಳೆಯ ರೇಡಾರ್ ಟಾರ್ಗೆಟ್ ಸಿಮ್ಯುಲೇಟರ್ ಪರೀಕ್ಷೆ: ಬರುವ ಮುನ್ನ ಓದಿ

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ 9:30ಕ್ಕೆ 10 ಗಿಗಾಹರ್ಟ್ಸ್ ರೇಡಾರಿಗೆ ಸಿಮ್ಯುಲೇಟರಿನಿಂದ (ಇಲ್ಲದ ಗುರಿಯನ್ನು ಇದ್ದಂತೆ ತೋರಿಸುವ ಉಪಕರಣ) ಕೃತಕ ಪ್ರತಿಧ್ವನಿ ಕೊಟ್ಟು ನೋಡುತ್ತೇವೆ. ಆರ್‌ಎಫ್, ಸಾಫ್ಟ್‌ವೇರ್ ಎರಡೂ ತಂಡದವರು ಬೇಕು.

ಮೊದಲು ಅಟೆನ್ಯುಯೇಟರ್, ಅಂದರೆ ಸಿಗ್ನಲ್ಲಿನ ಪವರ್ ತಗ್ಗಿಸುವ ಭಾಗ. ರೇಡಾರಿನ ಪೀಕ್ ಪವರ್ 1 ಕಿಲೋವ್ಯಾಟ್, ಅಂದರೆ 60 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿದ ಡೆಸಿಬೆಲ್ ಅಳತೆ). ಸಿಮ್ಯುಲೇಟರ್ ಇನ್‌ಪುಟ್ ತಾಳಿಕೊಳ್ಳುವುದು 0 ಡಿಬಿಎಂವರೆಗೆ ಮಾತ್ರ. ಒಟ್ಟು 70 ಡಿಬಿಯ ಅಟೆನ್ಯುಯೇಟರ್‌ಗಳನ್ನು ಹಾಕಿ, ಅವುಗಳಲ್ಲಿ ಹೈ ಪವರ್‌ನದು ರೇಡಾರ್ ಕಡೆಗಿರಲಿ. ಪವರ್ ಮೀಟರಿನಲ್ಲಿ ನೋಡದೆ ಕೇಬಲ್ ಜೋಡಿಸಲೇಬೇಡಿ.

10 ಮೆಗಾಹರ್ಟ್ಸ್ ರೆಫರೆನ್ಸ್ (ಆವರ್ತನಕ್ಕೆ ಆಧಾರವಾದ ಸಿಗ್ನಲ್) ರೇಡಾರ್, ಸಿಮ್ಯುಲೇಟರ್ ಎರಡಕ್ಕೂ ಒಂದೇ ಇರಲಿ. 0.1 ಪಿಪಿಎಂ (ಹತ್ತು ಲಕ್ಷದಲ್ಲಿ 0.1 ಭಾಗ) ವ್ಯತ್ಯಾಸವಿದ್ದರೂ 1 ಕಿಲೋಹರ್ಟ್ಸ್ ಸುಳ್ಳು ಡಾಪ್ಲರ್ (ಗುರಿಯ ಚಲನೆಯಿಂದಾಗುವ ಆವರ್ತನ ಬದಲಾವಣೆ) ಬರುತ್ತದೆ, ನಿಂತ ಗುರಿ ಸೆಕೆಂಡಿಗೆ 15 ಮೀಟರ್ ಓಡಿದಂತೆ ಕಾಣುತ್ತದೆ.

ಪ್ರತಿಧ್ವನಿಯ 1 ಮೈಕ್ರೋಸೆಕೆಂಡ್ ವಿಳಂಬಕ್ಕೆ ಗುರಿಯ ದೂರ 150 ಮೀಟರ್. ಕೇಬಲ್ಲಿನ ವಿಳಂಬ ಕಳೆಯಿರಿ. ದೂರ ಇಮ್ಮಡಿಯಾದರೆ ಪ್ರತಿಧ್ವನಿಯ ಪವರ್ 12 ಡಿಬಿ ಇಳಿಸಿ. ಕ್ಲಟರ್ (ನೆಲ, ಮಳೆಯಂಥವುಗಳಿಂದ ಬರುವ ಬೇಡದ ಪ್ರತಿಧ್ವನಿ) ಫೈಲ್ ತಪ್ಪದೆ ತನ್ನಿ, ಬರೀ ಗುರಿ ತೋರಿಸಿದರೆ ಯಾವ ರೇಡಾರೂ ಪಾಸಾಗುತ್ತದೆ.

ಬರುವವರು ಇಂದು ಸಂಜೆ 6ರೊಳಗೆ ಇಲ್ಲೇ ತಿಳಿಸಿ.